ಅಣೆಕಟ್ಟು ಕಾಣದ ಹೊಳೆ: ಶಿರಸಿಯಿಂದ ತದಡಿಯವರೆಗೆ

ನಮ್ಮದು ಹಿರಿಯೂರು ಸೀಮೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಬೆಳೆದವರಿಗೆಲ್ಲ ನೀರಿನ ಲೆಕ್ಕ ಬಾಯಿಪಾಠ. ಹಾಗಾಗಿ ಉತ್ತರ ಕನ್ನಡದ ಅಘನಾಶಿನಿ ಹೊಳೆಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪ ಪೇಪರಿನಲ್ಲಿ ಬಂದ ದಿನ ನಮ್ಮೂರ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ. “ಸುಮ್ಮನೆ ಸಮುದ್ರ ಸೇರಿ ಪೋಲಾಗೋ ನೀರು, ಇತ್ತ ಬಂದರೆ ಯಾರಿಗೇನು ನಷ್ಟ” ಎಂದು ದೊಡ್ಡಪ್ಪ ಕೇಳಿದರು. ಪೋಲಾಗುತ್ತದೆ ಎನ್ನುವ ಆ ನೀರು ಎಲ್ಲೆಲ್ಲಿ ಹೋಗುತ್ತದೆ, ಏನೇನು ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕೆನಿಸಿತು. ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ನಾನು ಮತ್ತು ತಮ್ಮ ಕಾರು ಹತ್ತಿದೆವು.

ಮೊದಲ ದಿನ: ಶಿರಸಿ

ಶಿವಮೊಗ್ಗ, ಸಾಗರ, ಸಿದ್ದಾಪುರ ದಾಟಿ ಶಿರಸಿ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ಸಾಗರದಾಚೆ ರಸ್ತೆಗೆಂದು ಕಡಿದ ಗುಡ್ಡಗಳನ್ನು ನೋಡುತ್ತ ಹೋದರೆ ಸೀಮೆ ಬದಲಾಗಿದ್ದು ಗೊತ್ತಾಗುತ್ತದೆ. ಕೆಂಪು ಚಿರೆಕಲ್ಲು, ಅದರ ತುಂಬ ತೂತು, ತೂತಿನಿಂದ ಇನ್ನೂ ಜಿನುಗುವ ನೀರು. ಲಕ್ಷಾಂತರ ವರ್ಷ ಜೋರು ಮಳೆ, ಜೋರು ಬಿಸಿಲು ಒಂದರ ಹಿಂದೆ ಒಂದು ಬಂದು ಕಲ್ಲಿನ ಸತ್ವವನ್ನೆಲ್ಲ ತೊಳೆದು ಕಬ್ಬಿಣ, ಅಲ್ಯುಮಿನಿಯಂ ಅಂಶವನ್ನಷ್ಟೇ ಉಳಿಸಿದಾಗ ಆಗುವ ಕಲ್ಲು ಇದು. ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಇಲ್ಲಿನ ಹಳ್ಳಗಳು ಏಪ್ರಿಲ್‌ನಲ್ಲೂ ಹರಿಯುವುದಕ್ಕೆ ಮೇಲಿನ ಕಾಡು, ಕೆಳಗಿನ ಈ ಕಲ್ಲು ಎರಡೂ ಬೇಕು. ಸಾವಿರ ಅಡಿ ಬೋರು ಕೊರೆಸಿ ಧೂಳು ನೋಡಿದ ನಮಗೆ ಗುಡ್ಡದ ಬದಿಯಲ್ಲಿ ನೀರು ಜಿನುಗುವುದೇ ಒಂದು ಪ್ರೇಕ್ಷಣೀಯ ಸ್ಥಳ. ಎರಡು ಕಡೆ ಕಾರು ನಿಲ್ಲಿಸಿ ಕೈಯಿಟ್ಟು ನೋಡಿದೆವು.

ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯೊಳಗಿನ ಶಂಕರ ಹೊಂಡ. ಇನ್ನೊಂದು ಕವಲು ಮಂಜುಗುಣಿಯ ಕಡೆ ಹುಟ್ಟುತ್ತದೆ. ಎರಡೂ ಶಿರಸಿಯ ದಕ್ಷಿಣಕ್ಕೆ ಕೂಡಿ ಹೊಳೆಯಾಗುತ್ತವೆ. ಮಾರಿಕಾಂಬೆಗೆ ಕೈಮುಗಿದು ಹೊಂಡದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಸುತ್ತ ಮನೆಗಳು, ಸ್ಕೂಟರುಗಳು, ಪಕ್ಕದಲ್ಲಿ ಮಕ್ಕಳ ಗಲಾಟೆ. ಸುಮಾರು 120 ಕಿ.ಮೀ. ಹರಿದು ಅರಬ್ಬಿ ಸಮುದ್ರ ಸೇರುವ ಹೊಳೆಯ ಆರಂಭ ಇಷ್ಟು ಮನೆಮಟ್ಟದ್ದು.

ಉಳಿದುಕೊಂಡದ್ದು ಪೇಟೆಯಿಂದ ದೂರದ ಒಂದು ಅಡಿಕೆ ತೋಟದ ಮನೆಯಲ್ಲಿ. ಕೊನೆಯ ಮೂರು ಕಿಲೋಮೀಟರ್ ಮಣ್ಣು ರಸ್ತೆ, ಫೋನಿಗೆ ಸಿಗ್ನಲ್ ಇಲ್ಲ. ಇಂಥ ಮನೆಗಳಿಗೆ ಹೋಗುವವರು ಪೇಟೆಯಲ್ಲಿರುವಾಗಲೇ ಫೋನ್ ಮಾಡಿ ದಾರಿ ಕೇಳಿಕೊಳ್ಳುವುದು ಒಳ್ಳೆಯದು, ಮ್ಯಾಪು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮನೆಯ ಅಮ್ಮ, “ಕೂತ್ಕೊಳ್ಳಿ, ಆಸರಿಗೆ ಏನು ಕೊಡಲಿ?” ಎಂದರು. ಮುರುಗಲು ಪಾನಕ ಬಂತು. ಅಡಿಕೆ ಕೊಯ್ಲಿನ ದಿನಗಳು. ರಾತ್ರಿ ಜಗಲಿಯಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು, ಹಿಂದಿನ ಕೊಟ್ಟಿಗೆಯಿಂದ ಅಡಿಕೆ ಬೇಯುವ ಒಗರು ವಾಸನೆ ಬರುತ್ತಿತ್ತು. ಊಟಕ್ಕೆ ಅಪ್ಪೆಹುಳಿ, ಒಂದೆಲಗದ ತಂಬುಳಿ. ಅಪ್ಪೆಮಿಡಿಯ ಆ ಪರಿಮಳಕ್ಕೆ ತಮ್ಮ ಅನ್ನವನ್ನು ಮೂರು ಸಲ ಹಾಕಿಸಿಕೊಂಡ.

ಯಜಮಾನರು ಬೆಳಿಗ್ಗೆ ತೋಟ ತೋರಿಸಿದರು. ಮೇಲಿನ ಬೆಟ್ಟದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದುಬರುವ ಅಬ್ಬಿ ನೀರು ಹಗಲು ರಾತ್ರಿ ಬೀಳುತ್ತಲೇ ಇತ್ತು. ಮೊದಲು ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರಂತೆ. ಮೋಟರಿಲ್ಲ, ಕರೆಂಟಿಲ್ಲ. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೆಂದು ಬ್ರಿಟಿಷರ ಕಾಲದಿಂದಲೂ ರೈತರಿಗೆ ಹಕ್ಕು ಕೊಟ್ಟಿರುವ ಕಾಡು ಅದು. “ಬೆಟ್ಟ ಹೋದರೆ ಅಬ್ಬಿ ಹೋಯ್ತು, ಅಬ್ಬಿ ಹೋದರೆ ತೋಟ ಹೋಯ್ತು” ಎಂದರು. ಇದೇ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಕಳಾಸೆ ಕಾಡಿಗೆ ನುಗ್ಗಿ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ್ದು. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಆ ಅಪ್ಪಿಕೋ ಚಳವಳಿಯ ಸುದ್ದಿಯನ್ನು ಯಜಮಾನರು ನಿನ್ನೆ ಮೊನ್ನೆ ನಡೆದದ್ದೆಂಬಷ್ಟು ಬಿಸಿಯಾಗಿ ಹೇಳಿದರು.

ಆಮೇಲೆ ನಮ್ಮೂರು ಯಾವುದೆಂದು ಕೇಳಿದರು. ಹಿರಿಯೂರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಹೊಳೆ ಒಯ್ಯುವುದು ನಿಮ್ಮಲ್ಲಿಗೇ ಅನ್ನಿ” ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ. “ನೋಡಲಿಕ್ಕೆ ಬಂದಿದ್ದು ಒಳ್ಳೆಯದಾಯ್ತು. ಕೆಳಗಿನ ತನಕ ಹೋಗಿ. ಘಟ್ಟದ ಮೇಲೆ ನೋಡಿದರೆ ಅರ್ಧ ಹೊಳೆ ನೋಡಿದಂಗೆ.”

ಎರಡನೆಯ ದಿನ: ಉಂಚಳ್ಳಿ

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣಿಯ ದಾರಿ ಹಿಡಿದರೆ ಗದ್ದೆ, ತೋಟ, ಕಾಡು, ಮತ್ತೆ ಗದ್ದೆ. ರಸ್ತೆ ಒಂದೇ ಕಾರಿನ ಅಗಲ. ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ಹೋಗಿ ಜಾಗ ಹುಡುಕಬೇಕು. ಚಾಲಕರು ಕೈಯೆತ್ತಿ ನಕ್ಕು ಹೋಗುತ್ತಾರೆ, ನಮ್ಮ ಹೆದ್ದಾರಿಯಲ್ಲಿ ಆ ಸೌಜನ್ಯ ಕಂಡಿಲ್ಲ.

ಬೇಗ ಹೋದೆವು, ಕಣಿವೆ ತುಂಬ ಮಂಜು. ಶಬ್ದ ಕೇಳುತ್ತಿತ್ತು, ಜಲಪಾತ ಕಾಣುತ್ತಿರಲಿಲ್ಲ. ನವೆಂಬರಿನಲ್ಲಿ ಹೋಗುವವರು ಒಂಬತ್ತು ಗಂಟೆಯ ಮೇಲೆ ಹೋದರೆ ಸಾಕು. ನಾವು ಕಾದಿದ್ದರಿಂದ ಬೇರೆಯದೇ ಒಂದು ನೋಟ ಸಿಕ್ಕಿತು. ಮಂಜು ಮೇಲಿನಿಂದ ಹರಿಯುತ್ತ ಬಂದಾಗ ಮೊದಲು ಕಂಡದ್ದು ಎದುರಿನ ಬೆಟ್ಟದ ನೆತ್ತಿ, ಆಮೇಲೆ ಬಂಡೆಯ ಅಂಚು, ಅಂಚಿನಿಂದ ಬೀಳುವ ಬಿಳಿ ನೀರು, ಎಲ್ಲಕ್ಕಿಂತ ಕೊನೆಗೆ ಪಾತಾಳ. 116 ಮೀಟರ್ ಎತ್ತರ. 1845ರಲ್ಲಿ ಕಲೆಕ್ಟರ್ ಆಗಿದ್ದ ಲಷಿಂಗ್ಟನ್ ಎಂಬವನ ಹೆಸರು ದಾಖಲೆಗಳಲ್ಲಿ ಇದಕ್ಕೆ ಅಂಟಿಕೊಂಡಿದೆ. ಅಲ್ಲಿನವರು ಕರೆಯುವುದು ಕೆಪ್ಪ ಜೋಗ ಎಂದು. ಪಕ್ಕದಲ್ಲಿ ನಿಂತ ತಮ್ಮ ಏನೋ ಕೂಗುತ್ತಿದ್ದ, ಒಂದಕ್ಷರವೂ ಕೇಳಲಿಲ್ಲ.

ಉಂಚಳ್ಳಿಯಲ್ಲಿ ನಿಂತರೆ ಈ ಸೀಮೆಯ ಭೂಗೋಳ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಹಿಂದೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನೆಲ, ಅಲ್ಲಿ ಹೊಳೆ ಆರಾಮವಾಗಿ ಬಳಸಿ ಬಳಸಿ ಬರುತ್ತದೆ. ಇಲ್ಲಿ ಒಮ್ಮೆಗೇ ಬಿದ್ದು, ಎರಡೂ ಕಡೆ ಗೋಡೆಗಟ್ಟಿದ ಕಣಿವೆಯೊಳಗೆ ನುಗ್ಗಿ ಪಶ್ಚಿಮಕ್ಕೆ ಹೋಗುತ್ತದೆ. ಆಚೆ ಸಮುದ್ರ ದೂರವಿಲ್ಲ. ಉತ್ತರ ಕನ್ನಡದಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಕಿರಿದಾದ ಒಂದು ಪಟ್ಟಿ ನೆಲವಷ್ಟೇ ಇದೆ. ಕಾರವಾರದ ಬಳಿಯಂತೂ ಬೆಟ್ಟ ಕಡಲಿಗೇ ಕಾಲು ಚಾಚಿದೆ. ಇಷ್ಟು ಎತ್ತರ, ಇಷ್ಟು ನೀರು ಕಂಡ ಯಾವ ಎಂಜಿನಿಯರಿಗೂ ವಿದ್ಯುತ್ತಿನ ನೆನಪು ಬಾರದೆ ಇರದು. ಉತ್ತರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ದಕ್ಷಿಣದ ಶರಾವತಿಗೆ 1964ರಲ್ಲಿ ಮುಗಿದ ಲಿಂಗನಮಕ್ಕಿ. ನಡುವಿನ ಅಘನಾಶಿನಿಗೆ ಇನ್ನೂ ಒಂದೂ ಅಣೆಕಟ್ಟಿಲ್ಲ. ಯೋಜನೆಗಳು ಬಂದವು, ಜನ ಎದ್ದುನಿಂತರು, ಹೊಳೆ ಉಳಿಯಿತು.

ವಾಪಸು ಬರುವಾಗ ಸಣ್ಣ ಮಳೆ ಹಿಡಿಯಿತು. ಕಾಲುದಾರಿಯ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ತಮ್ಮನ ಹಿಮ್ಮಡಿಯ ಮೇಲೆ ಆ ಋತುವಿನ ಕೊನೆಯ ಉಂಬಳಗಳಲ್ಲಿ ಒಂದು ಹತ್ತಿ ಕುಳಿತಿತ್ತು. ಟಿಕೆಟ್ ಕೊಡುವ ಹುಡುಗ ಸುಣ್ಣ ಹಚ್ಚಿ ಬಿಡಿಸಿದ.

ಮೂರನೆಯ ದಿನ: ಕತ್ತಲೆಕಾನು, ಮಲೆಮನೆ ಘಟ್ಟ

ದೇವಿಮನೆ ಘಟ್ಟದಲ್ಲಿ ಇಳಿದು, ದಾರಿಯಲ್ಲಿ ಯಾಣದ ಭೈರವೇಶ್ವರ, ಮೋಹಿನಿ ಶಿಖರಗಳನ್ನು ನೋಡಿಕೊಂಡು ಕುಮಟಾ ಸೇರುವುದೆಂದು ಮೊದಲು ಅಂದುಕೊಂಡಿದ್ದೆವು. ರಸ್ತೆ ಕೆಲಸಕ್ಕೆ ಘಟ್ಟ ಬಂದ್ ಎಂದು ಸಿದ್ದಾಪುರದ ಖಾನಾವಳಿಯಲ್ಲಿ ತಿಳಿಯಿತು. “ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ ಅಂತಾರೆ. ನಿಮಗೆ ಎರಡೂ ಬೇಡ, ಕತ್ತಲೆಕಾನು ನೋಡಿ” ಎಂದು ಪಕ್ಕದ ಮೇಜಿನ ಮೇಷ್ಟ್ರು ಹೇಳಿದರು. ಆ ಮಾತು ಕೇಳಿದ್ದಕ್ಕೆ ಅವರಿಗೆ ಋಣಿ.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ರಸ್ತೆಯ ಬದಿಯಲ್ಲಿದೆ ಕತ್ತಲೆಕಾನು. ನೀರಿನ ಲೆಕ್ಕದಲ್ಲಿ ಇದು ಪಕ್ಕದ ಶರಾವತಿ ಕಣಿವೆಗೆ ಸೇರಿದ್ದು, ಆದರೆ ಎರಡು ಹೊಳೆಗಳ ನಡುವಿನ ಕಾಡು ಒಂದೇ. ರಸ್ತೆಯಿಂದ ಕೆಳಗಿಳಿದು ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಹಗಲು ಹನ್ನೊಂದಕ್ಕೆ ಒಳಗೆ ಸಂಜೆಯ ಬೆಳಕು. ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ನಮಗೆ ದಾರಿ ತೋರಿಸಿದ ಅರಣ್ಯ ವಾಚರ್ ಹಳ್ಳದ ಅಂಚಿನಲ್ಲೇ ನಿಲ್ಲಿಸಿ, “ಬೇರಿನ ಮೇಲೆ ಕಾಲಿಡಬೇಡಿ ಸಾರ್” ಎಂದರು.

ನೋಡಿದರೆ ಕಾಲಿಡಲು ಬೇರಿಲ್ಲದ ಜಾಗವೇ ಇಲ್ಲ. ಇದು ರಾಮಪತ್ರೆ ಜಡ್ಡಿ. ಜಾಯಿಕಾಯಿ ಬಳಗದ ಮರಗಳು ವರ್ಷವಿಡೀ ಹರಿಯುವ ತೆಳು ನೀರಿನಲ್ಲಿ, ಕಪ್ಪು ಕೆಸರಿನಲ್ಲಿ ನಿಂತಿವೆ. ಕೆಸರಿನಲ್ಲಿ ಗಾಳಿ ಇಲ್ಲ, ಆದ್ದರಿಂದ ಬೇರು ಉಸಿರಾಡಲು ಮೇಲಕ್ಕೆದ್ದು ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತದೆ. ಇನ್ನೊಂದು ಜಾತಿ ಕಾಂಡದಿಂದಲೇ ಊರುಗೋಲು ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಬಗ್ಗಿ ಒಂದು ಬೇರನ್ನು ಹತ್ತಿರದಿಂದ ನೋಡಿದೆ. ತೊಗಟೆಯ ಮೇಲೆ ನೂರಾರು ಸಣ್ಣ ಚುಕ್ಕೆಗಳು, ಬೆರಳಾಡಿಸಿದರೆ ಮರಳು ಕಾಗದದ ಒರಟು. ಅವೇ ಗಾಳಿ ಒಳಗೆಳೆಯುವ ರಂಧ್ರಗಳಂತೆ. ಬೇರಿನ ಕಮಾನಿನ ಕೆಳಗೆ ಬೆರಳುದ್ದದ ಮೀನು ನೀರಿಗೆದುರಾಗಿ ನಿಂತಿತ್ತು. ಮೇಲಿಂದ ಬಿದ್ದ ಎಲೆಯೊಂದನ್ನು ತಮ್ಮ ಎತ್ತಿ ಹಿಡಿದ, ಅವನ ಮೊಣಕೈಯಿಂದ ಬೆರಳ ತುದಿಯವರೆಗೆ ಬಂತು.

ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಅಲ್ಲಲ್ಲಿ ತುಣುಕುಗಳಾಗಿ ಉಳಿದಿವೆ. ಹೂಬಿಡುವ ಸಸ್ಯಗಳಲ್ಲೇ ಬಹಳ ಹಳೆಯ ಬಳಗ ಇದು. ಸಮತಟ್ಟಾದ, ಸದಾ ನೀರಿರುವ ಜಾಗ ಕಂಡಲ್ಲೆಲ್ಲ ನಾವು ಗದ್ದೆ, ತೋಟ ಮಾಡಿದೆವು. ಜಡ್ಡಿಗೆ ಬೇಕಾದದ್ದೂ ಅದೇ ಜಾಗ. ಇಲ್ಲಿಯ ಗೇರು ಬಳಗದ ಒಂದು ಮರವನ್ನು ವಿಜ್ಞಾನಕ್ಕೆ ಹೊಸದೆಂದು ವಿವರಿಸಿದ್ದು 2000ದಲ್ಲಿ. ಅದರ ಶಾಸ್ತ್ರೀಯ ಹೆಸರಲ್ಲೇ ಕತ್ತಲೆಕಾನು ಇದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಷ್ಟು ದೊಡ್ಡ ಮರ ಹೆದ್ದಾರಿಯ ಪಕ್ಕದಲ್ಲಿ ಅಷ್ಟು ಕಾಲ ಹೆಸರಿಲ್ಲದೆ ನಿಂತಿತ್ತು. ಕಾಡಿನಲ್ಲಿ ಇನ್ನೂ ಏನೇನಿದೆಯೋ ಗೊತ್ತಿಲ್ಲದೆ ನೀಲನಕ್ಷೆ ಬರೆಯುತ್ತೇವಲ್ಲ ಎಂದು ಸಂಕಟವಾಯಿತು.

ಘಟ್ಟ ಇಳಿಯುವಾಗ ಸಿಂಗಳೀಕಗಳು ಸಿಕ್ಕವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಪ್ರಾಣಿ, ಅದರ ನೆಲೆಯ ಉತ್ತರ ತುದಿ ಈ ಶಿರಸಿ–ಹೊನ್ನಾವರದ ಕಾಡು. ಇವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಮರದ ಮೇಲೇ ಬದುಕುವ ಜೀವ ರಸ್ತೆಗಿಳಿದದ್ದೇಕೆಂದರೆ ಮುಂದಿನ ತಿರುವಿನಲ್ಲಿ ಒಂದು ಕಾರಿನವರು ಕುರುಕಲು ತಿಂಡಿ ಎಸೆಯುತ್ತಿದ್ದರು. ಮರಿ ಅವುಚಿಕೊಂಡ ತಾಯಿ ಟಾರಿನ ಮೇಲೆ ಕೂತು ಪೊಟ್ಟಣ ಹರಿಯುತ್ತಿತ್ತು. ಹಿಂದಿನಿಂದ ಲಾರಿಗಳು ಬರುವ ಇಳಿಜಾರು ಅದು. ತಮ್ಮ ಇಳಿದು ಹೋಗಿ ಕೈಮುಗಿದು ಹೇಳಿದ, ಅವರು ನಿಲ್ಲಿಸಿದರು. ದಯವಿಟ್ಟು ಯಾರೂ ಹಾಕಬೇಡಿ. ಅವುಗಳ ಊಟ ಮೇಲಿದೆ: ಉಪ್ಪಾಗೆ, ಹಲಸು, ಅತ್ತಿ, ಹುಳಹುಪ್ಪಟೆ.

ಸಂಜೆ ಕುಮಟಾ. ರಾತ್ರಿ ಊಟಕ್ಕೆ ನೊಗ್ಲಿ ಮೀನಿನ ತವಾ ಫ್ರೈ, ಕುಚ್ಚಲಕ್ಕಿ ಅನ್ನ, ಸೋಲ್ ಕಡಿ.

ನಾಲ್ಕನೆಯ ದಿನ: ಗಜನಿ, ಕಾಂಡ್ಲಾ, ಬಳಚು

ಸಮುದ್ರದಿಂದ ಒಳಗಡೆ ಕೆಲವು ಕಿಲೋಮೀಟರುಗಳ ತನಕ ಅಘನಾಶಿನಿ ಹೊಳೆಯೂ ಹೌದು, ಕಡಲೂ ಹೌದು. ದಿನಕ್ಕೆರಡು ಸಲ ಭರತದಲ್ಲಿ ಉಪ್ಪುನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತು ಗುರುತಿಸಿದ ಜೌಗು ನೆಲ ಎಂದು ಅದರರ್ಥ.

ಮಾಣಿಕಟ್ಟಾದಲ್ಲಿ ನೋಡಿದ್ದು ಗಜನಿ ಗದ್ದೆ. ಅಳಿವೆಯ ಅಂಚಿಗೆ ಒಡ್ಡು ಕಟ್ಟಿ, ಹಲಗೆ ಬಾಗಿಲಿಟ್ಟು ಉಪ್ಪುನೀರನ್ನು ಬೇಕಾದಾಗ ಒಳಗೆ, ಬೇಡವಾದಾಗ ಹೊರಗೆ ಮಾಡುವ ತಗ್ಗು ನೆಲ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಬಿತ್ತುವುದು ಕಗ್ಗ ಭತ್ತ. ಆಳೆತ್ತರಕ್ಕೆ ಬೆಳೆಯುತ್ತದೆ, ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಕೊಳೆಯುವುದಿಲ್ಲ, ಉಪ್ಪಿಗೆ ಹೆದರುವುದಿಲ್ಲ. ಗೊಬ್ಬರ ಕೇಳುವುದಿಲ್ಲ, ಪ್ರತಿ ನೆರೆಯೂ ಮೇಲಿನ ಕಾಡಿನ ಗೋಡು ಮಣ್ಣು ತಂದು ಹಾಕುತ್ತದೆ. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆ ಹುಲ್ಲು ಕೊಳೆತು ಸಿಗಡಿಗೆ, ಮೀನಿಗೆ ಮೇವು. ಭತ್ತದ ನಂತರ ಅದೇ ಗದ್ದೆಯಲ್ಲಿ ಮೀನಿನ ಬೆಳೆ.

ಒಡ್ಡಿನ ಮೇಲೆ ಒಬ್ಬ ಹಿರಿಯರು ಸಿಕ್ಕರು. ಕೊಯ್ಲು ಮುಗಿದಿತ್ತು, ಕೂಳೆಯ ಮಧ್ಯೆ ಬೆಳ್ಳಕ್ಕಿಗಳ ಹಿಂಡು. “ಮೊದಲು ಊರೆಲ್ಲ ಒಟ್ಟಾಗಿ ಒಡ್ಡು ಕಟ್ತಿದ್ವು. ಸಿಗಡಿ ಗುತ್ತಿಗೆ ಬಂದ ಮೇಲೆ ಒಡ್ಡೂ ಹೋಯ್ತು, ಒಟ್ಟೂ ಹೋಯ್ತು” ಎಂದರು. ಎಂಬತ್ತು ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿಯ ಹಣ ಗಜನಿಗೆ ನುಗ್ಗಿ, ಆಮೇಲೆ ರೋಗ ಬಂದು ಕುಸಿದದ್ದರ ಗಾಯ ಇನ್ನೂ ಮಾಸಿಲ್ಲ. ಮಾಣಿಕಟ್ಟಾದವರು ಮತ್ತೆ ಕೂಡಿ ಕಗ್ಗ ಬೆಳೆಯುತ್ತಿದ್ದಾರೆ. ಆ ಹಿರಿಯರ ಮನೆಯಲ್ಲೇ ಐದು ಸೇರು ಅಕ್ಕಿ ಕೊಂಡೆವು. ಕೆಂಪು, ದಪ್ಪ. ಗಂಜಿಗೆ ಅದರಷ್ಟು ರುಚಿ ಇನ್ನೊಂದಿಲ್ಲ ಎಂದು ಅಜ್ಜಿ ಹೇಳಿ ಕಳಿಸಿದರು.

ಮಧ್ಯಾಹ್ನ ದೋಣಿಯಲ್ಲಿ ಅಳಿವೆ ಸುತ್ತಲು ಹೊರಟೆವು. ಎರಡೂ ದಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಒಂದು ಜಾತಿಯ ಕೊಂಬೆಯಿಂದ ಮೊಳದುದ್ದದ ಹಸಿರು ಕೋಲುಗಳು ತೂಗುತ್ತಿದ್ದವು. ಬೀಜ ಮರದಲ್ಲೇ ಮೊಳೆತು, ಬಿದ್ದ ಕೂಡಲೇ ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳುತ್ತದೆ. ಇನ್ನೊಂದರ ಬುಡದಲ್ಲಿ ಕೆಸರಿನಿಂದ ಸಾವಿರಾರು ಮೊನೆಗಳು ಎದ್ದಿದ್ದವು. ನಿನ್ನೆ ಘಟ್ಟದ ಮೇಲೆ ಸಿಹಿನೀರಿನ ಜಡ್ಡಿಯಲ್ಲಿ ಕಂಡ ಉಸಿರು ಬೇರಿನ ಉಪಾಯವೇ ಇಲ್ಲಿ ಉಪ್ಪುನೀರಿನಲ್ಲಿ, ಬೇರೆ ಬಳಗದ ಮರದಲ್ಲಿ.

ಐಗಳಕುರ್ವೆ ದ್ವೀಪದ ಆಚೆ ದೋಣಿ ಮರಳ ದಿಬ್ಬಕ್ಕೆ ಕಚ್ಚಿಕೊಂಡಿತು. ಹುಣ್ಣಿಮೆಯ ಮರುದಿನ, ಇಳಿತ ಅಂದುಕೊಂಡದ್ದಕ್ಕಿಂತ ಬೇಗ ಬಂದಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಲ್ಲಿ ದೋಣಿ ಹತ್ತುವವರು ಭರತದ ಹೊತ್ತನ್ನು ಮೊದಲು ಕೇಳಿಕೊಳ್ಳಬೇಕು. ಇಳಿದು ನೂಕಿದೆವು, ಅಲುಗಲಿಲ್ಲ. ದೋಣಿಯ ಅಣ್ಣ ಬೀಡಿ ಹಚ್ಚಿ, “ನೀರು ಬಂದ್ಮೇಲೆ ಅದೇ ಎತ್ತತ್ತೆ ಮಾರಾಯ್ರೆ, ಗಡಿಬಿಡಿ ಎಂತಕ್ಕೆ” ಎಂದರು.

ಆ ಹೊತ್ತಿನಲ್ಲೇ ಇಡೀ ಪ್ರವಾಸದ ಅತ್ಯುತ್ತಮ ಗಳಿಗೆ ಸಿಕ್ಕಿತು. ನೀರು ಇಳಿದ ಬಯಲಿಗೆ ಎಲ್ಲ ಕಡೆಯಿಂದ ಹೆಂಗಸರು ನಡೆದು ಬಂದರು. ಕೈಯಲ್ಲಿ ಬುಟ್ಟಿ, ಬಕೆಟ್ಟು, ಸೊಂಟಕ್ಕೆ ಎತ್ತಿ ಕಟ್ಟಿದ ಸೀರೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಪಾದದಿಂದ ತಳ ತಡಕುತ್ತಾರೆ. ಅಂಗಾಲಿಗೆ ಸಿಕ್ಕಿದ್ದು ಕಲ್ಲೋ, ಬಳಚು ಎನ್ನುವ ಚಿಪ್ಪುಜೀವಿಯೋ ಎಂದು ತಿಳಿಯುತ್ತದೆ, ಬಗ್ಗಿ ಕೈಹಾಕಿ ತೆಗೆಯುತ್ತಾರೆ. ನಾನೂ ಇಳಿದೆ. ಒಬ್ಬ ಅಕ್ಕ, “ಹೆಬ್ಬೆರಳಲ್ಲಿ ಅಲ್ಲ, ಹಿಮ್ಮಡಿ ತಿರುಗಿಸಿ” ಎಂದು ಕಲಿಸಿದರು. ನನಗೆ ಮೊದಲು ಸಿಕ್ಕ ಬಳಚನ್ನು ನೋಡಿ, “ಸಣ್ಣದು, ಬಿಡಿ. ಬೆಳೀಲಿ” ಎಂದು ತಾವೇ ವಾಪಸು ನೀರಿಗೆ ಹಾಕಿದರು. ಚಿಪ್ಪಿನ ಮೇಲೆ ಒಂದರೊಳಗೊಂದು ಗೆರೆಗಳಿದ್ದವು. ದಿನದ ಕೂಲಿ ಬುಟ್ಟಿಯಲ್ಲೇ ಹುಟ್ಟುತ್ತದೆ. ಹೊಲ ಬೇಡ, ದೋಣಿ ಬೇಡ, ಸಾಲ ಬೇಡ. ಗಂಡಸರ ಬಲೆಗೆ ಮೀನು ಬೀಳದ ದಿನವೂ ಒಲೆ ಉರಿಯುವುದು ಇದರಿಂದ ಎಂದರು.

ಬಳಚು ಬದುಕಲು ನೀರಿನಲ್ಲಿ ಉಪ್ಪು ಹದವಾಗಿರಬೇಕು. ಮಳೆಗಾಲದಲ್ಲಿ ಸಿಹಿನೀರು ಹೆಚ್ಚು, ಬೇಸಿಗೆಯಲ್ಲಿ ಉಪ್ಪು ಹೆಚ್ಚು, ಹೀಗೆ ವರ್ಷದ ಲಯ ಏರಿಳಿಯಬೇಕು. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಬರುತ್ತಲೇ ಇರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ ಬಳಚು, ಕಲ್ವಾ ಎಂಬ ಇನ್ನೊಂದು ಚಿಪ್ಪುಜೀವಿ, ಹಲವು ಜಾತಿಯ ಮೀನುಗಳು ಸೊರಗಿದವು ಎಂದು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ದೋಣಿಯ ಅಣ್ಣನಿಗೆ ಅದು ನೆಂಟರ ಮನೆಯ ಸುದ್ದಿ. “ನಮ್ಮ ಅಕ್ಕನ್ನ ಹೊನ್ನಾವರಕ್ಕೆ ಕೊಟ್ಟದ್ದು. ಮೊದಲು ನಮಗೆ ಬಳಚು ಅಲ್ಲಿಂದ ಬರ್ತಿತ್ತು. ಈಗ ಹಬ್ಬಕ್ಕೆ ನಾನು ಇಲ್ಲಿಂದ ಒಯ್ದು ಕೊಡುದು.” ಅಣೆಕಟ್ಟು ಕಟ್ಟಿದರೆ ನೀರು ಹೆಚ್ಚಾದರೂ ಕೇಡು, ತಿರುಗಿಸಿ ಒಯ್ದು ನೀರು ಕಡಿಮೆಯಾದರೂ ಕೇಡು. ಗೋಡು ಬರದಿದ್ದರೆ ಗಜನಿಗೆ ಗೊಬ್ಬರವಿಲ್ಲ, ಕಾಂಡ್ಲಾಕ್ಕೆ ನೆಲವಿಲ್ಲ.

ಕೊನೆಗೆ ಭರತ ಬಂದು ದೋಣಿ ತೇಲಿತು. ಆ ರಾತ್ರಿ ಅಕ್ಕನಿಂದ ಕೊಂಡ ಬಳಚನ್ನು ಉಳಿದ ಮನೆಯವರು ಕಾಯಿತುರಿ ಹಾಕಿ ಸುಕ್ಕಾ ಮಾಡಿಕೊಟ್ಟರು. ಮುದ್ದೆ ಇದ್ದಿದ್ದರೆ ಎಂದು ತಮ್ಮ ಹಲುಬಿದ.

ಕೊನೆಯ ದಿನ: ಸಾಣಿಕಟ್ಟಾ, ತದಡಿ

ಮಿರ್ಜಾನಿನ ಚಿರೆಕಲ್ಲಿನ ಕೋಟೆಯನ್ನು ಬೆಳಗಿನ ತಂಪಿನಲ್ಲಿ ಒಂದು ಸುತ್ತು ಹಾಕಿದೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನಲ್ಲ. ಘಟ್ಟದ ಮೆಣಸು ಇದೇ ಹೊಳೆಗಳಲ್ಲಿ ಇಳಿದು ಹಡಗು ಸೇರುತ್ತಿತ್ತು.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು. ಅಳಿವೆಯ ಭರತದ ನೀರನ್ನು ಒಳಗೆ ಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಬಹಳ ಹಳೆಯ ಕೆಲಸ. ನಾವು ಹೋದಾಗ ಮಳೆಗೆ ಕರಗಿದ ಬದುಗಳನ್ನು ಕೆಸರು ಮೆತ್ತಿ ಸರಿಮಾಡುತ್ತಿದ್ದರು. ಉಪ್ಪು ಮೇಲೇಳುವುದು ಬೇಸಿಗೆಯ ತಿಂಗಳುಗಳಲ್ಲಿ. ಕಳೆದ ಸಾಲಿನ ಕಂದು ಬಣ್ಣದ ಹರಳುಪ್ಪು ಒಂದು ಚೀಲ ತಂದೆವು, ಉಪ್ಪಿನಕಾಯಿಗೆ ಇದೇ ಆಗಬೇಕೆನ್ನುವವರು ಶಿರಸಿಯಲ್ಲಿ ಬಹಳ.

ತದಡಿಯಲ್ಲಿ ಹೊಳೆ ಮುಗಿಯುತ್ತದೆ. ಇತ್ತ ತದಡಿ, ಅತ್ತ ಹೊಳೆಯದೇ ಹೆಸರಿನ ಅಘನಾಶಿನಿ ಊರು, ನಡುವೆ ದಾಟಿಸುವ ದೋಣಿ. ಒಂದು ಕಾಲಕ್ಕೆ ಇದೇ ದಡದಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಜನರ ವಿರೋಧಕ್ಕೆ ಅದು ನಿಂತಿತು. ಆಮೇಲೆ ದೊಡ್ಡ ಬಂದರಿನ ಮಾತು ಬಂತು. ದೋಣಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಆಚೆ ದಡಕ್ಕೆ ಹೋಗಿ ಬಂದೆವು. ಬಾಯಿಯಲ್ಲಿ ಅಲೆ ಒಡೆಯುತ್ತಿತ್ತು. ಹೊಳೆಯ ಕಂದು ನೀರು ಬಹಳ ದೂರದವರೆಗೆ ಕಡಲಿನ ನೀಲಿಯೊಳಗೆ ಬೇರೆಯಾಗಿ ಕಾಣುತ್ತಿತ್ತು, ಆ ಬಣ್ಣದ ಗಡಿಯ ಮೇಲೇ ಮೀನಿನ ದೋಣಿಗಳು ಸಾಲಾಗಿ ನಿಂತಿದ್ದವು. ಎರಡು ನೀರು ಕೂಡುವಲ್ಲಿ ಮೇವು ಹೆಚ್ಚು, ಮೇವಿದ್ದಲ್ಲಿ ಮೀನು ಎಂದು ಟಿಕೆಟಿನವರು ವಿವರಿಸಿದರು. ಅಂದರೆ ಕಡಲು ಸೇರಿದ ಮೇಲೂ ಹೊಳೆಯ ಕೆಲಸ ನಿಂತಿಲ್ಲ.

ನಮ್ಮ ಸೀಮೆಗೆ ನೀರು ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ, ಒಣಗಿದ ತೆಂಗಿನ ತೋಟ ಕಡಿಸಿದ ಮನೆ ನಮ್ಮದು. ಆದರೆ ಈ ನೀರು ಪೋಲಾಗುತ್ತಿದೆ ಎಂದು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ಅಬ್ಬಿಯಿಂದ ಬಳಚಿನವರೆಗೆ ಒಬ್ಬೊಬ್ಬರ ಪಾಲೂ ಅದರಲ್ಲಿ ಬರೆದಿದೆ. ನಮ್ಮ ಕೆರೆಗಳ ಹೂಳು, ಒತ್ತುವರಿಯಾದ ರಾಜಕಾಲುವೆ, ಬಿದ್ದ ಮಳೆಯನ್ನೇ ಹಿಡಿಯಲಾಗದ ನಮ್ಮ ಹಳ್ಳಗಳ ಕೆಲಸ ಮುಗಿಸದೆ ಆ ಅಕ್ಕನ ಬುಟ್ಟಿಗೆ ಕೈಹಾಕಲು ನನಗೆ ಮನಸ್ಸಿಲ್ಲ.

ಊರಿಗೆ ಬಂದು ಹೋಟೆಲಿನಲ್ಲಿ ಇದನ್ನೆಲ್ಲ ಹೇಳಿದಾಗ ಅರ್ಧ ಜನ ಸಿಟ್ಟಾದರು. “ನಾಲ್ಕು ಚಿಪ್ಪಿಗೋಸ್ಕರ ನಮ್ಮ ಮಕ್ಕಳು ಬಾಯಾರಬೇಕಾ” ಎಂದು ದೊಡ್ಡಪ್ಪ ಗುಡುಗಿದರು. ಕಗ್ಗದ ಗಂಜಿ ಮಾತ್ರ ಎರಡು ಬಟ್ಟಲು ಕುಡಿದರು. ಏಪ್ರಿಲ್‌ನಲ್ಲಿ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಿರುತ್ತಾರೆ, ಹೆದ್ದಾರಿಯ ಬದಿಗೆ ಕುಮಟಾದ ಸಿಹಿ ಈರುಳ್ಳಿ ಜಡೆಹೆಣೆದು ತೂಗಿಸಿರುತ್ತಾರೆ, ನೀವೇ ಬಂದು ಆ ಅಕ್ಕನ ಹತ್ತಿರ ಕೇಳಿ ಎಂದಿದ್ದೇನೆ. ಮೊಣಕಾಲು ನೋವು, ಕಾರಿನಲ್ಲಿ ಅಷ್ಟು ದೂರ ಆಗುವುದಿಲ್ಲ ಎಂದರು. ಬೆಂಗಳೂರಿನಿಂದ ಕಾರವಾರದ ರೈಲು ಕುಮಟಾದಲ್ಲಿ ನಿಲ್ಲುತ್ತದೆ ಎಂದೆ. ಕೆಳಗಿನ ಬರ್ತ್ ಸಿಕ್ಕರೆ ನೋಡೋಣ ಎಂದಿದ್ದಾರೆ.